ಹತ್ತು ಸೆಂಟಿಗೆ ಪ್ಲಾಸ್ಟಿಕ್ ಪೆಟ್ಟಿಗೆ: ಗ್ರೇಡ್ ಆದ ಡೈಮ್ ಕೊಟ್ಟ ದುಡ್ಡಿಗೆ ತಕ್ಕ ಮಾಲೇ?

ಅಮೆರಿಕದ ಡೈಮ್ ಅಂದರೆ ಹತ್ತು ಸೆಂಟಿನ ನಾಣ್ಯ. ಅಡ್ಡಳತೆ 17.9 ಮಿಲಿಮೀಟರ್, ನಮ್ಮ ಹಳೆಯ ಸ್ಟೀಲ್ ನಾಲ್ಕಾಣೆಯ ಪಕ್ಕ ಇಟ್ಟರೆ ಒಂದು ಮಿಲಿಮೀಟರಿನಷ್ಟು ಚಿಕ್ಕದು. ಅಲ್ಲಿ ಚಲಾವಣೆಯಲ್ಲಿರುವ ನಾಣ್ಯಗಳಲ್ಲೆಲ್ಲ ಇದೇ ಪುಟಾಣಿ. ಹೊಚ್ಚ ಹೊಸ ಡೈಮ್ ಬ್ಯಾಂಕಿನಲ್ಲಿ ಹತ್ತು ಸೆಂಟಿಗೇ ಸಿಗುತ್ತದೆ. ಆದರೆ ಅದೇ ಇಸವಿಯ, ಅದೇ ಟಂಕಸಾಲೆಯ ಇನ್ನೊಂದು ಡೈಮ್ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತು, ತಲೆಯ ಮೇಲೊಂದು ಚೀಟಿ ಹೊತ್ತರೆ ನೂರಾರು ಡಾಲರಿಗೆ ಏರುತ್ತದೆ. ಆ ಪೆಟ್ಟಿಗೆಗೆ ಸ್ಲ್ಯಾಬ್ ಅನ್ನುತ್ತಾರೆ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಟ್ಟು, ಅಂದರೆ ಗ್ರೇಡ್ ಮಾಡಿ, ಅದನ್ನು ಹಾಕಿಕೊಡುವ ಎರಡು ದೊಡ್ಡ ಸಂಸ್ಥೆಗಳು ಕ್ಯಾಲಿಫೋರ್ನಿಯಾದ ಪಿಸಿಜಿಎಸ್ ಮತ್ತು ಫ್ಲೋರಿಡಾದ ಸಾರಾಸೋಟಾದಲ್ಲಿರುವ ಎನ್‌ಜಿಸಿ. ಮೊದಲನೆಯದು ಶುರುವಾದದ್ದು 1986ರಲ್ಲಿ, ಎರಡನೆಯದು 1987ರಲ್ಲಿ. ಈ ಇಬ್ಬರ ಚೀಟಿ ಹೊತ್ತ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ತಲೆ ಇರುವ ರೂಸ್‌ವೆಲ್ಟ್ ಡೈಮ್‌ಗಳನ್ನು, ಅದರಲ್ಲೂ 1965ರ ಈಚಿನವನ್ನು, ಕೊಳ್ಳುವುದೂ ಕಳಿಸಿ ಹಾಕಿಸುವುದೂ ಎಷ್ಟು ಲಾಭದ ಕೆಲಸ ಅನ್ನುವುದೇ ಇಲ್ಲಿನ ವಿಚಾರ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಸೇವೆ ನಂಬಿಕಸ್ಥ. ಆದರೆ ಚೀಟಿಯ ಮೇಲಿನ ಅಂಕಿಯನ್ನೇ ಅಪರೂಪ ಅಂದುಕೊಂಡು ದುಡ್ಡು ಸುರಿದವರು ಕೈ ಸುಟ್ಟುಕೊಳ್ಳುವುದು ಖಚಿತ. ಆಧುನಿಕ ಡೈಮ್‌ನಲ್ಲಿ ಅಪರೂಪವಾಗಿರುವುದು ನಾಣ್ಯವಲ್ಲ, ನಾಣ್ಯದ ಸ್ಥಿತಿ.

ಅಂಕಿಯ ವಿಷಯ ಬೇಗ ಮುಗಿಸೋಣ. ಒಂದರಿಂದ ಎಪ್ಪತ್ತರವರೆಗಿನ ಈ ಅಳತೆ ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗಾಗಿ ಮಾಡಿದ್ದು. ಚಲಾವಣೆಗೇ ಇಳಿಯದ ನಾಣ್ಯಕ್ಕೆ ಎಂಎಸ್ (ಮಿಂಟ್ ಸ್ಟೇಟ್) 60ರಿಂದ ಎಂಎಸ್ 70ರವರೆಗೆ ಹನ್ನೊಂದು ಮೆಟ್ಟಿಲು. 2010ರಿಂದ ನಡುವೆ ಪ್ಲಸ್ ಅನ್ನೋ ಅರ್ಧ ಮೆಟ್ಟಿಲೂ ಬಂತು. ಡೈಮ್ ಮಟ್ಟಿಗೆ 65ರ ಕೆಳಗಿನದನ್ನು ಸ್ಲ್ಯಾಬ್ ಮಾಡಿಸುವುದೇ ದಂಡ. 66 ಚೆಂದದ ನಾಣ್ಯ, ಆದರೆ ಸಾಮಾನ್ಯ. ಆಟ ಶುರುವಾಗುವುದು 67ರಲ್ಲಿ. 68 ಸಿಕ್ಕಿತೆಂದರೆ ಇಸವಿ ನೋಡಿ ಖುಷಿಪಡಬೇಕು. ಕೆಲವು ಇಸವಿಗೆ ಅದು ಮಾಮೂಲು, ಕೆಲವಕ್ಕೆ ಕನಸು.

ನಾಣ್ಯವನ್ನು ಹತ್ತಿರದಿಂದ ನೋಡಿದರೆ ಈ ವ್ಯತ್ಯಾಸ ಯಾಕೆಂದು ತಿಳಿಯುತ್ತದೆ. ರೂಸ್‌ವೆಲ್ಟ್ ಡೈಮ್ ಹೊರಬಂದದ್ದು 1946ರ ಜನವರಿ 30ಕ್ಕೆ, ತೀರಿಕೊಂಡಿದ್ದ ಅಧ್ಯಕ್ಷರ ಹುಟ್ಟುಹಬ್ಬದ ದಿನ. ವಿನ್ಯಾಸ ಮಾಡಿದವರು ಟಂಕಸಾಲೆಯ ಮುಖ್ಯ ಕೆತ್ತನೆಗಾರ ಜಾನ್ ಸಿನಾಕ್. ಕತ್ತಿನ ಬುಡದಲ್ಲಿ ಅವರ ಹೆಸರಿನ ಮೊದಲಕ್ಷರಗಳಿವೆ: ಜೆ, ಎಸ್. ಅದು ಜೋಸೆಫ್ ಸ್ಟಾಲಿನ್ ಅಂತ ಆಗ ಗುಲ್ಲೆದ್ದಿತ್ತು. ಗಾಳಿಸುದ್ದಿಗೆ ವಾಟ್ಸಾಪೇ ಬೇಕೆಂದಿಲ್ಲ. ಹಿಂಬದಿಯಲ್ಲಿ ನಡುವೆ ಪಂಜು, ಎಡಕ್ಕೆ ಆಲಿವ್ ಕೊಂಬೆ, ಬಲಕ್ಕೆ ಓಕ್ ಕೊಂಬೆ. 1964ರವರೆಗೆ ಶೇ 90ರಷ್ಟು ಬೆಳ್ಳಿ, ತೂಕ 2.5 ಗ್ರಾಂ. 1965ರ ಕಾಯಿದೆಯಿಂದ ಬೆಳ್ಳಿ ಹೋಯಿತು. ಈಗಿನದು ನಡುವೆ ಶುದ್ಧ ತಾಮ್ರ, ಎರಡೂ ಮೈಗೆ ತಾಮ್ರ-ನಿಕಲ್ ಬೆರಕೆಯ ತೊಗಲು, ತೂಕ 2.27 ಗ್ರಾಂ. ಅಂಚನ್ನು ನೋಡಿದರೆ ಒಳಗಿನ ಕೆಂಪು ಗೆರೆ ಕಾಣುತ್ತದೆ.

ಆ ಪಂಜನ್ನೇ ಏಳು ಪಟ್ಟು ದೊಡ್ಡದಾಗಿ ತೋರುವ ಲೂಪ್ ಕೆಳಗೆ ಹಿಡಿಯಿರಿ. ಉದ್ದುದ್ದ ಕಡ್ಡಿಗಳ ಕಟ್ಟು. ಆ ಕಟ್ಟನ್ನು ಮೇಲೊಂದು ಜೋಡಿ, ಕೆಳಗೊಂದು ಜೋಡಿ ಅಡ್ಡಪಟ್ಟಿ ಬಿಗಿದು ಹಿಡಿದಿದೆ. ಪ್ರತಿ ಜೋಡಿಯಲ್ಲೂ ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಕಣಿವೆ. ಆ ಕಣಿವೆ ಎಡದ ತುದಿಯಿಂದ ಬಲದ ತುದಿವರೆಗೆ ಎಲ್ಲೂ ಕಡಿಯದೆ ಸಾಗಿದರೆ ಪಿಸಿಜಿಎಸ್ ಚೀಟಿಯ ಮೇಲೆ ಎಫ್‌ಬಿ ಎಂದು ಬರೆಯುತ್ತದೆ, ಅಂದರೆ ಫುಲ್ ಬ್ಯಾಂಡ್ಸ್. ಎನ್‌ಜಿಸಿ ಎಫ್‌ಟಿ ಅನ್ನುತ್ತದೆ, ಫುಲ್ ಟಾರ್ಚ್. ಅವರು ಪಟ್ಟಿಗಳ ಜೊತೆ ಉದ್ದ ಕಡ್ಡಿಗಳ ಗೆರೆಯೂ ಬಿಡಿಬಿಡಿಯಾಗಿ ಮೂಡಿರಬೇಕೆಂದು ನೋಡುತ್ತಾರೆ. ಕಣಿವೆಯ ಮೇಲೆ ಒಂದು ಸಣ್ಣ ಕಚ್ಚು ಬಿದ್ದು ಎರಡು ಪಟ್ಟಿ ಸೇರಿಕೊಂಡರೂ ಮುಗಿಯಿತು, ಎಫ್‌ಬಿ ಇಲ್ಲ. ಒಂದು ಜೋಡಿ ಸೊಗಸಾಗಿ ಬಿಟ್ಟುಕೊಂಡು ಇನ್ನೊಂದು ಜೋಡಿ ನಡುವೆ ಮೆತ್ತಿಕೊಂಡಿರುವ ನಾಣ್ಯಗಳೇ ಜಾಸ್ತಿ. ಮಾರುವವರು ಅದನ್ನು ‘ಹೆಚ್ಚೂಕಡಿಮೆ ಫುಲ್ ಬ್ಯಾಂಡ್’ ಅನ್ನುತ್ತಾರೆ. ಹಾಗೊಂದು ವರ್ಗ ಇಲ್ಲ.

ಪಟ್ಟಿ ಮೂಡದೆ ಹೋಗಲು ಕಾರಣಗಳಿವೆ. ಪಂಜು ನಾಣ್ಯದ ನಟ್ಟನಡುವೆ ಇದೆ, ಅದರ ನೇರ ಬೆನ್ನಿಗೆ ಮುಂಬದಿಯಲ್ಲಿ ರೂಸ್‌ವೆಲ್ಟ್ ತಲೆ. ಒಂದೇ ಏಟಿಗೆ ಬಿಲ್ಲೆಯ ಲೋಹ ಎರಡೂ ಕಡೆಯ ಅಚ್ಚಿನ ಗುಳಿಗಳನ್ನು ತುಂಬಬೇಕು. ತಾಮ್ರ-ನಿಕಲ್ ತೊಗಲು ಬೆಳ್ಳಿಗಿಂತ ಗಡುಸು, ಸಲೀಸಾಗಿ ಹರಿಯುವುದಿಲ್ಲ. ಅಚ್ಚು ಬೇಗ ಸವೆಯಬಾರದೆಂದು ಒತ್ತಡ ತಗ್ಗಿಸಿದರೆ, ಅಥವಾ ಎರಡು ಅಚ್ಚುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಟ್ಟರೆ, ಮೊದಲು ಬಲಿಯಾಗುವುದು ಇಂಥ ನವಿರು ಗೆರೆಗಳೇ. ಅಚ್ಚು ಹಳತಾದಂತೆ ಗೆರೆಗಳ ಏಣು ತಾನಾಗಿ ಮೊಂಡಾಗುತ್ತದೆ. ಏಟು ಸಾಲದ ನಾಣ್ಯದಲ್ಲಿ ಇನ್ನೊಂದು ಐಬೂ ಜೊತೆಗೇ ಬರುತ್ತದೆ. ಬಿಲ್ಲೆಯ ಮೈಮೇಲೆ ಅಚ್ಚೊತ್ತುವ ಮೊದಲೇ ಇದ್ದ ಗೀರುಗಳು ಒತ್ತಡಕ್ಕೆ ಅಳಿಸಿಹೋಗಬೇಕಿತ್ತು. ಒತ್ತಡ ಸಾಲದೆ ಕೆನ್ನೆ, ದವಡೆಯಂಥ ಎತ್ತರದ ಜಾಗದಲ್ಲಿ ಹಾಗೇ ಉಳಿಯುತ್ತವೆ. ಹೊಸಬರು ಅದನ್ನು ಸವೆತ ಅಂದುಕೊಂಡು ನಾಣ್ಯವನ್ನು ಬದಿಗಿಡುತ್ತಾರೆ. ಸವೆತವಾದರೆ ಹೊಳಪೂ ಕಡಿದಿರುತ್ತದೆ. ಬಿಲ್ಲೆಯ ಗೀರಾದರೆ ಹೊಳಪು ಗೀರಿನೊಳಗೂ ಹರಿದಿರುತ್ತದೆ. ದೀಪದ ಕೆಳಗೆ ನಾಣ್ಯ ತಿರುಗಿಸಿದರೆ ಈ ಎರಡನ್ನು ಬೇರೆ ಮಾಡುವುದು ಕಷ್ಟವಲ್ಲ. ಆದರೆ ಗ್ರೇಡ್ ಕೊಡುವವರು ಎರಡಕ್ಕೂ ಅಂಕ ಕಡಿಯುತ್ತಾರೆ.

ಈಗ ಎಷ್ಟು ಹೊಡೆದರು ಅನ್ನುವ ಲೆಕ್ಕಕ್ಕೂ ಎಷ್ಟು ಉಳಿದಿವೆ ಅನ್ನುವುದಕ್ಕೂ ಏನು ಸಂಬಂಧ ನೋಡಿ. ಚಲಾವಣೆಗೆಂದು ಹೊಡೆದ ರೂಸ್‌ವೆಲ್ಟ್ ಡೈಮ್‌ಗಳಲ್ಲೇ ಅತಿ ಕಡಿಮೆ 1955ರ ಫಿಲಡೆಲ್ಫಿಯಾದ್ದು, ಸುಮಾರು 1 ಕೋಟಿ 24 ಲಕ್ಷ. ಆದರೂ ಎಂಎಸ್ 66ರಲ್ಲಿ ಅದು ದುಬಾರಿಯಲ್ಲ. ಆ ವರ್ಷದ ಅಂಕಿ ಕಡಿಮೆ ಎಂಬುದು ಸಂಗ್ರಾಹಕರಿಗೆ ಆಗಲೇ ಗೊತ್ತಿತ್ತು, ಐವತ್ತೈವತ್ತು ನಾಣ್ಯ ಸುತ್ತಿದ ರೋಲ್‌ಗಟ್ಟಲೆ ಎತ್ತಿಟ್ಟರು. ನಾಣ್ಯ ಯಾವ ಟಂಕಸಾಲೆಯದೆಂದು ಅದರ ಮೇಲಿನ ಒಂದಕ್ಷರ, ಮಿಂಟ್ ಮಾರ್ಕ್, ಹೇಳುತ್ತದೆ: ಪಿ ಫಿಲಡೆಲ್ಫಿಯಾ, ಡಿ ಡೆನ್ವರ್, ಎಸ್ ಸ್ಯಾನ್ ಫ್ರಾನ್ಸಿಸ್ಕೊ, ಡಬ್ಲ್ಯು ವೆಸ್ಟ್ ಪಾಯಿಂಟ್. 1996ರ ಡಬ್ಲ್ಯು ಡೈಮ್ ಅದಕ್ಕಿಂತ ಮೋಜಿನದು. ಐವತ್ತನೇ ವರ್ಷದ ನೆನಪಿಗೆಂದು ವೆಸ್ಟ್ ಪಾಯಿಂಟ್‌ನಲ್ಲಿ ಹೊಡೆದು ಆ ವರ್ಷದ ನಾಣ್ಯಗಳನ್ನು ಟಂಕಸಾಲೆಯೇ ಪ್ಯಾಕೆಟ್ ಮಾಡಿ ಸಂಗ್ರಾಹಕರಿಗೆ ಮಾರುವ ಮಿಂಟ್ ಸೆಟ್‌ಗಳ ಜೊತೆ ಕೊಟ್ಟದ್ದು, ಹದಿನಾಲ್ಕೂವರೆ ಲಕ್ಷದಷ್ಟು. ಒಂದೂ ಚಲಾವಣೆಗೆ ಹೋಗಲಿಲ್ಲ, ಎಲ್ಲ ಪ್ಯಾಕೆಟ್ಟಿನಲ್ಲೇ ಉಳಿಯಿತು, ಒಳ್ಳೆಯ ಏಟೂ ಬಿದ್ದಿತ್ತು. ಹಾಗಾಗಿ ಅದರಲ್ಲಿ 67, 68 ಎಫ್‌ಬಿ ಕೇಳಿದಷ್ಟು ಸಿಗುತ್ತದೆ. ಕಡಿಮೆ ಹೊಡೆದದ್ದು ಎಂಬ ಮಾತಿಗೆ ಮರುಳಾಗಿ ಅದರ 67ಕ್ಕೆ ಹೆಚ್ಚು ಕೊಡಬೇಡಿ.

ಇದಕ್ಕೆ ತಿರುಗಾಮುರುಗಾ 1982 ಮತ್ತು 1983. 1982ರ ಪಿ ಡೈಮ್ ಹೊಡೆದದ್ದು ಸುಮಾರು 51 ಕೋಟಿ 95 ಲಕ್ಷ, 1983ರದ್ದು 64 ಕೋಟಿ 70 ಲಕ್ಷ. ಆದರೆ ಆ ಎರಡು ವರ್ಷ ಸರ್ಕಾರಿ ಟಂಕಸಾಲೆ ಮಾಮೂಲಿನ ಮಿಂಟ್ ಸೆಟ್ ಮಾರಲೇ ಇಲ್ಲ. ಫಿಲಡೆಲ್ಫಿಯಾ, ಡೆನ್ವರ್ ಟಂಕಸಾಲೆಯ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಸುವನೀರ್ ಸೆಟ್ ಕೊಟ್ಟರು ಅಷ್ಟೆ. ಉಳಿದ ಕೋಟಿಗಟ್ಟಲೆ ನಾಣ್ಯ ಚೀಲಕ್ಕೆ ಬಿದ್ದು, ಎಣಿಸುವ ಯಂತ್ರ ಹಾದು, ಗಲ್ಲಾಪೆಟ್ಟಿಗೆ ಸೇರಿ ಮೈ ಕೆಡಿಸಿಕೊಂಡವು. ಆದ್ದರಿಂದ ಈ ಎರಡು ಇಸವಿಯ 67, ಅದರಲ್ಲೂ ಎಫ್‌ಬಿ, ನಿಜವಾಗಿ ಹುಡುಕಿಸುತ್ತದೆ. ಸುವನೀರ್ ಸೆಟ್ ಇವತ್ತಿಗೂ ಹರಾಜಿನಲ್ಲಿ ಬರುತ್ತದೆ. ಕೊಳ್ಳುವ ಮುನ್ನ ಪ್ಯಾಕೆಟ್ ಮೂಲದ್ದೇ ಎಂದು ನೋಡಿ, ಖಾಸಗಿಯವರು ಕಟ್ಟಿದ ಸೆಟ್‌ಗಳೂ ಓಡಾಡುತ್ತಿವೆ. 1982ರಲ್ಲೇ ಪಿ ಅಕ್ಷರ ಕೊರೆಯುವುದನ್ನು ಮರೆತ ಅಚ್ಚಿನ ಡೈಮ್‌ಗಳೂ ಹೊರಬಿದ್ದವು, ಬಹಳಷ್ಟು ಒಹಾಯೊದ ಸ್ಯಾಂಡಸ್ಕಿ ಸುತ್ತಮುತ್ತ ಸಿಕ್ಕವು. ಅದು ತಪ್ಪು ನಾಣ್ಯದ ಬೇರೆಯೇ ಅಧ್ಯಾಯ. ಒಂದು ಎಚ್ಚರಿಕೆ ಮಾತ್ರ: 1980ಕ್ಕೆ ಮೊದಲು ಫಿಲಡೆಲ್ಫಿಯಾ ಡೈಮ್ ಮೇಲೆ ಪಿ ಇರಲೇ ಇಲ್ಲ. 1979ರ ನಾಣ್ಯ ತೋರಿಸಿ ‘ಪಿ ಬಿಟ್ಟುಹೋಗಿದೆ’ ಅನ್ನುವವರ ಹತ್ತಿರ ವ್ಯವಹಾರ ಬೇಡ.

1965ರಿಂದ 1967ರವರೆಗಿನ ಮೂರು ಇಸವಿಗಳಲ್ಲಿ ಮಿಂಟ್ ಮಾರ್ಕೇ ಇಲ್ಲ. ಮಿಂಟ್ ಸೆಟ್ ಬದಲು ಸ್ಪೆಷಲ್ ಮಿಂಟ್ ಸೆಟ್ ಬಂತು. ಅದರೊಳಗಿನ ಡೈಮ್ ಬೇರೆ ಜಾತಿ, ಚೀಟಿಯ ಮೇಲೆ ಎಸ್‌ಎಂಎಸ್ ಎಂದು ಇರುತ್ತದೆ. ಚಲಾವಣೆಯ ಮಾದರಿ ಬೇಕೆಂದರೆ ಆ ಕಾಲದ ಬ್ಯಾಂಕ್ ರೋಲ್, ಚೀಲಗಳೇ ಗತಿ. 67ರಲ್ಲಿ ಎಸ್‌ಎಂಎಸ್ ಅಗ್ಗ, ಎಂಎಸ್ ದುಬಾರಿ. ಅಕ್ಷರ ಒಂದು ಆಚೀಚೆಯಾದರೆ ಬೆಲೆ ಹತ್ತಾರು ಪಟ್ಟು ಬದಲಾಗುತ್ತದೆ. ಇದೇ ಗೊಂದಲ 2005ರಿಂದ 2010ರವರೆಗೆ ಮತ್ತೆ ಬರುತ್ತದೆ. ಆ ಆರು ವರ್ಷ ಮಿಂಟ್ ಸೆಟ್ ಒಳಗಿನ ನಾಣ್ಯಗಳಿಗೆ ಸ್ಯಾಟಿನ್ ಹೊಳಪು ಕೊಟ್ಟಿದ್ದರು. ಪಿಸಿಜಿಎಸ್ ಅವನ್ನು ಎಸ್‌ಪಿ ಎಂದು ಪ್ರತ್ಯೇಕಿಸುತ್ತದೆ. ಎಸ್‌ಪಿ 69 ನೋಡಿ ಹಿಗ್ಗಬೇಡಿ, ಅದು ಸಾಮಾನ್ಯ. ಅದೇ ವರ್ಷದ ಚಲಾವಣೆಯ ಡೈಮ್ ಎಂಎಸ್ 68 ಎಫ್‌ಬಿ ಆಗಿ ಕಂಡರೆ ನಿಂತು ನೋಡಿ, ಅದು ರೋಲ್‌ಗಳನ್ನು ಒಡೆದು ಒಬ್ಬರು ಆರಿಸಿ ತೆಗೆದದ್ದು. 2009ರ ಆರ್ಥಿಕ ಹಿಂಜರಿತದ ವರ್ಷ ಪಿ 9 ಕೋಟಿ 65 ಲಕ್ಷ, ಡಿ 4 ಕೋಟಿ 95 ಲಕ್ಷ ಮಾತ್ರ ಹೊಡೆದರು. ಅಂಕಿ ಕಡಿಮೆಯಾದರೂ ಹೊಸ ರೋಲ್‌ಗಳನ್ನು ಎತ್ತಿಟ್ಟವರು ಬೇಕಾದಷ್ಟಿದ್ದಾರೆ.

ಸಂಗ್ರಾಹಕರಿಗೆಂದೇ ಮಿರುಗುವ ಅಚ್ಚಿನಲ್ಲಿ ಹೊಡೆದ ಪ್ರೂಫ್ ಡೈಮ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಬತ್ತರ ದಶಕದಿಂದ ಈಚಿನ ಪ್ರೂಫ್‌ಗಳಲ್ಲಿ ಡೀಪ್ ಕ್ಯಾಮಿಯೊ (ಕನ್ನಡಿ ಹಿನ್ನೆಲೆ, ಮಂಜುಮಂಜಾದ ಚಿತ್ರ) 69 ಅಂದರೆ ಕನಿಷ್ಠ ಅರ್ಹತೆ ಇದ್ದ ಹಾಗೆ. ಸ್ಲ್ಯಾಬ್ ಖರ್ಚೂ ಹುಟ್ಟುವುದಿಲ್ಲ. ಎಸ್ ಅಕ್ಷರ ಬಿಟ್ಟುಹೋದ 1968, 1970, 1975, 1983ರವು ಬೇರೆ ಲೆಕ್ಕ. 1975ರದ್ದು ಈವರೆಗೆ ಎರಡೇ ಗೊತ್ತು, ಬೆಲೆ ಲಕ್ಷಗಟ್ಟಲೆ ಡಾಲರ್. ಅದು ಸ್ಥಿತಿಯ ಅಪರೂಪವಲ್ಲ, ನಾಣ್ಯವೇ ಇಲ್ಲದ ಅಪರೂಪ.

ಈಗ ಸೇವೆಯ ಹೃದಯಕ್ಕೆ ಬರೋಣ, ಪಾಪ್ಯುಲೇಷನ್ ರಿಪೋರ್ಟ್. ಯಾವ ಇಸವಿಯ, ಯಾವ ಟಂಕಸಾಲೆಯ ಎಷ್ಟು ಡೈಮ್‌ಗೆ ಯಾವ ಗ್ರೇಡ್ ಕೊಟ್ಟಿದ್ದೇವೆ ಎಂದು ಎರಡೂ ಸಂಸ್ಥೆಗಳು ತಮ್ಮ ತಾಣದಲ್ಲಿ ತೋರಿಸುತ್ತವೆ. ಹರಾಜಿನ ವಿವರಣೆಯಲ್ಲಿ ‘ಪಾಪ್ 9/0’ ಎಂದಿದ್ದರೆ ಈ ಗ್ರೇಡಿನಲ್ಲಿ ಒಂಬತ್ತು, ಇದಕ್ಕಿಂತ ಮೇಲೆ ಸೊನ್ನೆ ಎಂದರ್ಥ. ಇದನ್ನು ಓದುವುದು ಒಂದು ಕಲೆ, ಮೋಸಹೋಗುವುದೂ ಇಲ್ಲೇ.

ಒಂಬತ್ತು ಅಂದರೆ ಒಂಬತ್ತು ನಾಣ್ಯ ಅಲ್ಲ, ಒಂಬತ್ತು ಸಲ ಆ ಗ್ರೇಡ್ ಕೊಟ್ಟಿದ್ದಾರೆ ಅಂತ. 67 ಸಿಕ್ಕ ನಾಣ್ಯದ ಪೆಟ್ಟಿಗೆ ಒಡೆದು 67 ಪ್ಲಸ್ ಆಸೆಗೆ ಮತ್ತೆ ಕಳಿಸುವವರಿದ್ದಾರೆ. ಮತ್ತೆ 67 ಬಂದರೆ ಲೆಕ್ಕದಲ್ಲಿ ಎರಡಾಗುತ್ತದೆ. ಹಳೆಯ ಚೀಟಿಗಳನ್ನು ಹಿಂತಿರುಗಿಸಿದರೆ ಸಂಸ್ಥೆಯವರು ಲೆಕ್ಕದಿಂದ ತೆಗೆಯುತ್ತಾರೆ, ಆದರೆ ಚೀಟಿ ಕಸದ ಬುಟ್ಟಿಗೆ ಹೋಗುವುದೇ ಹೆಚ್ಚು. ಇದು ಅಂಕಿಯನ್ನು ಉಬ್ಬಿಸುತ್ತದೆ. ತಗ್ಗಿಸುವ ಕಾರಣ ಇದಕ್ಕಿಂತ ದೊಡ್ಡದು: ಕಳಿಸದ ನಾಣ್ಯ ಲೆಕ್ಕಕ್ಕೇ ಬರುವುದಿಲ್ಲ. 1990ರ ದಶಕದ ಯಾವುದೋ ಡಿ ಡೈಮ್‌ನ 66ಕ್ಕೆ ಪಾಪ್ ನಲವತ್ತು ಎಂದಿದ್ದರೆ ಜಗತ್ತಿನಲ್ಲಿ ನಲವತ್ತೇ ಇವೆ ಎಂದಲ್ಲ. ಇಪ್ಪತ್ತು ಡಾಲರ್ ಕೊಟ್ಟು ಐದು ಡಾಲರಿನ ನಾಣ್ಯ ಮಾಡಿಸಿಕೊಳ್ಳಲು ಯಾರಿಗೂ ತಲೆ ಕೆಟ್ಟಿಲ್ಲ ಎಂದು. ನೂರಾರು ನಾಣ್ಯ ಒಟ್ಟಿಗೆ ಕಳಿಸುವ ವ್ಯಾಪಾರಿಗಳು ‘67ಕ್ಕೆ ಕಡಿಮೆ ಆದರೆ ಸ್ಲ್ಯಾಬ್ ಮಾಡದೆ ವಾಪಸ್ ಕೊಡಿ’ ಎಂದು ಮೊದಲೇ ಬರೆದುಕೊಡುತ್ತಾರೆ. ಅವೆಲ್ಲ 65, 66ರ ಸಾಲಿನಲ್ಲಿ ಕಾಣಿಸುವುದೇ ಇಲ್ಲ. ಹಾಗಾಗಿ ರಿಪೋರ್ಟಿನಲ್ಲಿ 67ಕ್ಕಿಂತ 66 ಅಪರೂಪ ಎಂಬ ವಿಚಿತ್ರವೂ ಕಂಡೀತು.

ಓದುವ ರೀತಿ ಹೀಗಿರಲಿ. ಮೊದಲು ಒಟ್ಟು ಎಷ್ಟು ನಾಣ್ಯ ಗ್ರೇಡ್ ಆಗಿವೆ ನೋಡಿ. ಒಟ್ಟು ಮೂವತ್ತರಲ್ಲಿ ಒಂಬತ್ತು 67 ಆಗಿದ್ದರೆ ಹುಡುಕಿದವರಿಲ್ಲ, ನಾಳೆ ಇನ್ನೂ ಬರುತ್ತದೆ. ಒಟ್ಟು ಎಂಟುನೂರರಲ್ಲಿ ಒಂಬತ್ತೇ ಆಗಿದ್ದರೆ ಜನ ಹುಡುಕಿ ಸೋತಿದ್ದಾರೆ, ಅದು ನಂಬಬಹುದಾದ ಅಂಕಿ. ಆಮೇಲೆ ಎಫ್‌ಬಿ ಸಾಲು, ಎಫ್‌ಬಿ ಇಲ್ಲದ ಸಾಲು ಬೇರೆ ಬೇರೆ ನೋಡಿ. ಎನ್‌ಜಿಸಿ ಲೆಕ್ಕವನ್ನೂ ಪಕ್ಕ ಇಡಿ. ಕೊನೆಗೆ ಅದೇ ನಾಣ್ಯ ಕಳೆದ ಎರಡು ಮೂರು ವರ್ಷದ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂಬುದನ್ನು ಸಾಲಾಗಿ ಬರೆದುಕೊಳ್ಳಿ. ಪಾಪ್ 2 ಇದ್ದಾಗ ಸಾವಿರ ಡಾಲರ್ ದಾಟಿದ್ದು ಪಾಪ್ 15 ಆದಾಗ ಇನ್ನೂರಕ್ಕೆ ಇಳಿಯುವುದು ಆಧುನಿಕ ನಾಣ್ಯದಲ್ಲಿ ದಿನನಿತ್ಯದ ಕಥೆ. ಹತ್ತೊಂಬತ್ತನೇ ಶತಮಾನದ ಅಪರೂಪದ ನಾಣ್ಯದಲ್ಲಿ ಹೊಸ ಸರಕು ಹುಟ್ಟುವುದಿಲ್ಲ. ಡೈಮ್‌ನಲ್ಲಿ ಯಾರದೋ ಅಟ್ಟದ ಮೇಲಿನ ಐವತ್ತರ ರೋಲ್ ಒಂದು ಸಾಕು.

ನೀವೇ ಕಳಿಸುವುದಾದರೆ ದುಡ್ಡಿನ ಲೆಕ್ಕ ಮೊದಲು. ಆಧುನಿಕ ನಾಣ್ಯದ ದರ ಒಂದಕ್ಕೆ ಇಪ್ಪತ್ತು ಡಾಲರ್ ಆಚೀಚೆ ಇರುತ್ತದೆ, ಬದಲಾಗುತ್ತಲೂ ಇರುತ್ತದೆ. ಅದರ ಮೇಲೆ ನೇರವಾಗಿ ಕಳಿಸಲು ಬೇಕಾದ ವಾರ್ಷಿಕ ಸದಸ್ಯತ್ವ, ಪ್ರತಿ ಫಾರ್ಮಿಗೂ ನಿರ್ವಹಣಾ ಶುಲ್ಕ, ಹೋಗಿ ಬರುವ ವಿಮೆ ಸಹಿತ ಅಂಚೆ. ಇಪ್ಪತ್ತು ನಾಣ್ಯ ಕಳಿಸಿ ಎಲ್ಲ ಸೇರಿ ಒಂದಕ್ಕೆ ಮೂವತ್ತು ಡಾಲರ್ ಬಿತ್ತು ಎಂದಿಟ್ಟುಕೊಳ್ಳಿ, ಆರುನೂರು ಕೈಬಿಟ್ಟಿತು. ಅದರಲ್ಲಿ ಹದಿನೈದು 66 ಆದರೆ ಅವು ನಷ್ಟವೇ. ಉಳಿದ ಐದು ಆ ಆರುನೂರನ್ನು ಎಳೆಯಬೇಕು. ಆದ್ದರಿಂದ ಇಪ್ಪತ್ತು ಕಳಿಸುವ ಮೊದಲು ಇನ್ನೂರು ನೋಡಿ, ನಾಲ್ಕು ಕಳಿಸಿ.

ಕಳಿಸುವ ನಾಣ್ಯ ಆಯುವಾಗ ಕೋಣೆಯ ದೀಪ ಆರಿಸಿ, ಒಂದೇ ಒಂದು ಮೇಜುದೀಪ ಹಾಕಿ. ಟ್ಯೂಬ್‌ಲೈಟಿನ ಚೆಲ್ಲಾಪಿಲ್ಲಿ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ನಾಣ್ಯವನ್ನು ಅಂಚಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ಪೂರಾ ಒಂದು ಸುತ್ತು ತಿರುಗಿಸಿ. ಬರಿಗಣ್ಣಿಗೆ ಮೊದಲು ಕೆನ್ನೆ, ಆಮೇಲೆ ಮುಖದ ಮುಂದಿನ ಖಾಲಿ ಜಾಗ. ಅಲ್ಲೊಂದು ಕಚ್ಚು ಕಣ್ಣಿಗೆ ಹೊಡೆದರೆ 67 ಮರೆತುಬಿಡಿ. ಅದೇ ಕಚ್ಚು ಕೂದಲಿನಲ್ಲೋ ಎಲೆಗಳ ನಡುವೆಯೋ ಅಡಗಿದ್ದರೆ ಕ್ಷಮಿಸುತ್ತಾರೆ. ಡೈಮ್ ಹಗುರ, ಹಾಗಾಗಿ ಒಂದಕ್ಕೊಂದು ತಾಗಿದ ಏಟು ಡಾಲರ್ ನಾಣ್ಯದಷ್ಟು ಆಳವಾಗಿರುವುದಿಲ್ಲ. ಆದರೆ ಮೈ ಸಣ್ಣದು, ಸಣ್ಣ ಏಟೂ ದೊಡ್ಡದಾಗಿ ಕಾಣುತ್ತದೆ. ಲೂಪ್ ತೆಗೆಯಬೇಕಾದ್ದು ಕೊನೆಗೆ, ಪಂಜಿನ ಪಟ್ಟಿ ನೋಡಲು. ಬೆಳಕು ಪಟ್ಟಿಗಳಿಗೆ ಅಡ್ಡಲಾಗಿ, ಅಂದರೆ ಪಂಜಿನ ತಲೆಯ ಕಡೆಯಿಂದಲೋ ಬುಡದ ಕಡೆಯಿಂದಲೋ ಬೀಳಬೇಕು. ಪಕ್ಕದಿಂದ ಬಿದ್ದರೆ ಇಲ್ಲದ ಕಣಿವೆ ಇದ್ದಂತೆ, ಇದ್ದದ್ದು ಇಲ್ಲದಂತೆ ತೋರುತ್ತದೆ. ಹತ್ತು ಪಟ್ಟು ಮೀರಿ ದೊಡ್ಡದಾಗಿ ತೋರುವ ಲೂಪ್ ಬೇಡ, ಅದರಲ್ಲಿ ಯಾವ ನಾಣ್ಯವೂ ಚೆಂದ ಕಾಣುವುದಿಲ್ಲ. ಎಂಎಸ್ 70ಕ್ಕೇ ಎನ್‌ಜಿಸಿಯವರು ಇಡುವ ಮಾನದಂಡ ಐದು ಪಟ್ಟು.

ಮಿಂಟ್ ಸೆಟ್ ಪ್ಯಾಕೆಟ್ ಕತ್ತರಿಸುವಾಗ ನಾಣ್ಯವಿರುವ ಗೂಡಿನ ಪಕ್ಕದಲ್ಲೇ ಕತ್ತರಿ ಆಡಿಸಬಾರದು. ದೂರದ ಅಂಚು ಕತ್ತರಿಸಿ, ಬಾಯಿ ಅಗಲಿಸಿ, ಮೆತ್ತನೆ ಬಟ್ಟೆಯ ಮೇಲೆ ನಾಣ್ಯ ತಾನಾಗಿ ಬೀಳುವಂತೆ ಬಗ್ಗಿಸಿ. ಪ್ಲಾಸ್ಟಿಕ್ಕಿಗೆ ಉಜ್ಜಿಕೊಂಡು ಎಳೆದರೆ ಕೆನ್ನೆಯ ಮೇಲೆ ಕೂದಲೆಳೆ ಗೀರು ಖಂಡಿತ. ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಎಂಜಲಿನ ಹನಿ ಬಿದ್ದ ಜಾಗ ತಿಂಗಳುಗಳ ಮೇಲೆ ಕಪ್ಪು ಚುಕ್ಕೆಯಾಗುತ್ತದೆ, ತೆಗೆಯಲು ಬರುವುದಿಲ್ಲ. ಮೆತ್ತನೆಯ ಪಿವಿಸಿ ಚೀಲದಲ್ಲಿ ಇಟ್ಟಿದ್ದ ನಾಣ್ಯಕ್ಕೆ ಹಸಿರು ಅಂಟು ಬಂದಿದ್ದರೆ ಶುದ್ಧ ಅಸಿಟೋನ್ ಒಂದೇ ಮದ್ದು: ಗಾಜಿನ ಬಟ್ಟಲಲ್ಲಿ ಅರ್ಧ ನಿಮಿಷ, ಹೊಸ ಅಸಿಟೋನಿನ ಇನ್ನೊಂದು ಬಟ್ಟಲಲ್ಲಿ ಮತ್ತೆ ಅರ್ಧ ನಿಮಿಷ, ಗಾಳಿಗೆ ಒಣಗಿಸುವುದು. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ಉಗುರು ಬಣ್ಣ ತೆಗೆಯುವ ದ್ರಾವಣ ನಡೆಯುವುದಿಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಒರೆಸುವುದಂತೂ ಕೂಡದೇ ಕೂಡದು. ಹುಣಸೆಹಣ್ಣು, ಟೂತ್‌ಪೇಸ್ಟ್, ಪೀತಾಂಬರಿ ದೇವರ ದೀಪಕ್ಕೆ ಸರಿ. ನಾಣ್ಯಕ್ಕೆ ಹಚ್ಚಿದರೆ ಗ್ರೇಡ್ ಅಂಕಿಯೇ ಇಲ್ಲದ ‘ತೊಳೆದದ್ದು’ ಎಂಬ ಚೀಟಿ ಬರುತ್ತದೆ, ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.

ಒಂದೊಂದು ನಾಣ್ಯವನ್ನೂ ಪಿವಿಸಿ ಇಲ್ಲದ ಎರಡು ಜೇಬಿನ ಫ್ಲಿಪ್‌ನಲ್ಲಿ ಹಾಕಿ, ಪಕ್ಕದ ಜೇಬಿನಲ್ಲಿ ಫಾರ್ಮಿನ ಸಾಲಿನ ಸಂಖ್ಯೆ ಬರೆದ ಚೀಟಿ ಇಡಿ. ಸ್ಟೇಪಲ್ ಹೊಡೆಯಬೇಡಿ. ಫಾರ್ಮಿನಲ್ಲಿ ಎಸ್‌ಎಂಎಸ್, ಸ್ಯಾಟಿನ್, ತಪ್ಪಚ್ಚು ಯಾವುದಿದ್ದರೂ ಕೇಳಿ ಬರೆಸಿ, ಕೆಲವಕ್ಕೆ ಬೇರೆ ಶುಲ್ಕವಿದೆ. ವಾಪಸ್ ಬಂದ ಮೇಲೆ ಮೊದಲ ಕೆಲಸ ಚೀಟಿಯ ಇಸವಿ, ಮಿಂಟ್ ಮಾರ್ಕ್ ಒಳಗಿನ ನಾಣ್ಯಕ್ಕೆ ಹೊಂದುತ್ತದೆಯೇ ನೋಡುವುದು. ಪಿಸಿಜಿಎಸ್ ಖಾತರಿಯಲ್ಲಿ ಕಣ್ಣಿಗೆ ಕಾಣುವ ಬರಹದ ತಪ್ಪಿಗೆ ಪರಿಹಾರ ಇಲ್ಲ, ಚೀಟಿ ತಿದ್ದಿಕೊಡುತ್ತಾರೆ ಅಷ್ಟೆ. ಚೀಟಿಯಲ್ಲಿ ‘ಡಿ’ ಎಂದಿದ್ದು ನಾಣ್ಯದ ಮೇಲೆ ‘ಪಿ’ ಇದ್ದರೆ ಅದು ನಿಮ್ಮ ಅದೃಷ್ಟವೂ ಅಲ್ಲ, ಹಕ್ಕೂ ಅಲ್ಲ.

ಇಬ್ಬರಲ್ಲಿ ಯಾರು? ಮಾರುಕಟ್ಟೆಯಲ್ಲಿ ಒಂದೇ ಅಂಕಿಯ ಆಧುನಿಕ ಡೈಮ್‌ಗೆ ಪಿಸಿಜಿಎಸ್ ಚೀಟಿ ಸಾಮಾನ್ಯವಾಗಿ ಹೆಚ್ಚು ಎಳೆಯುತ್ತದೆ; ಯಾರ ಸಂಗ್ರಹದ ಗ್ರೇಡ್ ಮೇಲು ಎಂಬ ಅಲ್ಲಿನ ರಿಜಿಸ್ಟ್ರಿ ಪೈಪೋಟಿಯಲ್ಲಿ ಒಂದೊಂದು ಪ್ಲಸ್‌ಗೂ ಜಗಳವಾಡುವವರಿದ್ದಾರೆ. ಮಾರುವ ಉದ್ದೇಶವಿದ್ದರೆ ಅಲ್ಲಿಗೇ ಕಳಿಸಿ. ಕೊಳ್ಳುವವರಿಗೆ ಇದೇ ಕಾರಣಕ್ಕೆ ಎನ್‌ಜಿಸಿ ಲಾಭ: ಕಡ್ಡಿಗಳನ್ನೂ ನೋಡಿ ಕೊಟ್ಟ ಎಫ್‌ಟಿ ಡೈಮ್ ಕಡಿಮೆ ದುಡ್ಡಿಗೆ ಕೈಗೆ ಬರುತ್ತದೆ. ನೋಡಲು ಎನ್‌ಜಿಸಿಯ ಬಿಳಿ ಹಿನ್ನೆಲೆ ಪುಟ್ಟ ಬಿಳಿ ನಾಣ್ಯಕ್ಕೆ ಅಷ್ಟು ಒಪ್ಪುವುದಿಲ್ಲ. ಪಿಸಿಜಿಎಸ್‌ನ ಪಾರದರ್ಶಕ ಸುತ್ತಿನಲ್ಲಿ ಡೈಮ್ ತೇಲಿದಂತೆ ಕಾಣುತ್ತದೆ. ಬಣ್ಣ ಏರಿದ ಬೆಳ್ಳಿ ಡೈಮ್‌ಗಳಿಗೆ, ಅಂದರೆ 1947ರಿಂದ 1958ರ ರಟ್ಟಿನ ಮಿಂಟ್ ಸೆಟ್‌ಗಳಲ್ಲಿ ಗಂಧಕ ತಾಗಿ ಕಾಮನಬಿಲ್ಲಾದವಕ್ಕೆ, ಎನ್‌ಜಿಸಿ ಕಣ್ಣಿಗೆ ಚೆಂದವೆಂದು ಕೊಡುವ ನಕ್ಷತ್ರದ ಗುರುತು ಉಪಯೋಗದ್ದು.

ಭಾರತಕ್ಕೆ ತರಿಸುವವರು ಕಸ್ಟಮ್ಸ್ ಸುಂಕ, ತೆರಿಗೆ, ಕೊರಿಯರ್ ಸೇರಿಸಿ ನೋಡಬೇಕು. ನಲವತ್ತು ಡಾಲರಿನ ಸ್ಲ್ಯಾಬ್‌ಗೆ ಸಾಗಣೆಯೇ ಅಷ್ಟಾಗುತ್ತದೆ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಮಕ್ಕಳು, ನೆಂಟರು ಇರುವ ಮನೆಗಳಿಗೆ ಒಂದು ಅನುಕೂಲ: ಸ್ಲ್ಯಾಬ್ ತರಲು ಹೇಳುವ ಬದಲು ಅವರ ಬ್ಯಾಂಕಿನಿಂದ ಆ ವರ್ಷದ ಹೊಸ ಡೈಮ್ ರೋಲ್ ತರಲು ಹೇಳಿ. ಐದು ಡಾಲರಿಗೆ ಐವತ್ತು ನಾಣ್ಯ. ಕಣ್ಣು ಪಳಗಿಸಲು ಇದಕ್ಕಿಂತ ಅಗ್ಗದ ಪಾಠ ಇಲ್ಲ, ಸಾಕೆನಿಸಿದರೆ ವಾಪಸ್ ಕೊಟ್ಟು ಐದು ಡಾಲರ್ ತೆಗೆದುಕೊಳ್ಳಲೂಬಹುದು.

ಸ್ಲ್ಯಾಬ್ ಕೊಳ್ಳುವಾಗ ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಕೆನ್ನೆಯ ಗೀರುಗಳನ್ನು ಒಂದೊಂದಾಗಿ ಹೋಲಿಸಿ. ಸಂಖ್ಯೆ ಅಸಲಿಯಾಗಿದ್ದು ಪೆಟ್ಟಿಗೆ ನಕಲಿಯಾಗಿರುವುದುಂಟು. ಪೆಟ್ಟಿಗೆಯ ಅಂಚಿನ ಬೆಸುಗೆಯಲ್ಲಿ ಬಿರುಕು, ಬಿಳಿಚುಕ್ಕೆ ಇದ್ದರೆ ಬಿಡಿ.

ಇನ್ನು ಬೇಟೆಯ ವಿಷಯ. ಎಫ್‌ಬಿ, ಎಫ್‌ಟಿ ಬರೆಯುವ ಪದ್ಧತಿ ಬಂದದ್ದು 2003ರಲ್ಲಿ. ಅದಕ್ಕೂ ಮುಂಚಿನ ಸ್ಲ್ಯಾಬ್‌ಗಳಲ್ಲಿ ಪಟ್ಟಿ ಪೂರ್ತಿ ಬಿಟ್ಟುಕೊಂಡ ಡೈಮ್ ಇದ್ದರೂ ಚೀಟಿಯ ಮೇಲೆ ಬರೀ ಎಂಎಸ್ 66, ಎಂಎಸ್ 67 ಎಂದಿರುತ್ತದೆ. ಹಳೆಯ ಚೀಟಿಯ ಡೈಮ್‌ಗಳ ರಾಶಿ ಕಂಡಲ್ಲಿ ಅಂಕಿ ನೋಡಬೇಡಿ, ಹಿಂಬದಿ ತಿರುಗಿಸಿ. ಪ್ಲಾಸ್ಟಿಕ್ಕಿನ ಮೇಲಿನ ಗೀರು ಅಡ್ಡ ಬಂದರೆ ಸ್ಲ್ಯಾಬನ್ನೇ ಓರೆ ಮಾಡಿ, ಬೆಳಕನ್ನು ಪಂಜಿನ ಬುಡದಿಂದ ಬಿಡಿ, ಎರಡು ಜೋಡಿಯ ಕಣಿವೆಯನ್ನೂ ಎಡದಿಂದ ಬಲಕ್ಕೆ ಓದಿ. ಎರಡೂ ಕಡಿಯದೆ ಸಾಗಿದರೆ, ಬೆಲೆ ಮಾಮೂಲಿ 67ರದ್ದೇ ಆಗಿದ್ದರೆ, ಹೆಚ್ಚು ಮಾತಿಲ್ಲದೆ ದುಡ್ಡು ಕೊಟ್ಟು ಜೇಬಿಗೆ ಹಾಕಿ.